ಡಿಹೈಡ್ರೇಟರ್‌ನಲ್ಲಿ ಮೆಣಸಿನಕಾಯಿ ಒಣಗುತ್ತಿಲ್ಲವೇ? ನೀರು ಎಲ್ಲಿ ಸಿಕ್ಕಿಕೊಂಡಿದೆ ನೋಡಿ

ಸೆಪ್ಟೆಂಬರ್‌ನಲ್ಲಿ ಬರುವ ನಮ್ಮ ಕೊಡಗಿನ ಆಯುಧದ ಹಬ್ಬ ಕೈಲ್ ಪೊಳ್ದ್, ಅದರ ಹಿಂದಿನ ದಿನ. ಮಸಾಲೆಗೆ ಹುರಿಯೋಣ ಅಂತ ಒಣಮೆಣಸಿನಕಾಯಿ ಡಬ್ಬಿ ತೆಗೆದೆ. ಜುಲೈನಲ್ಲಿ ಹೊಸ ಡಿಹೈಡ್ರೇಟರ್‌ನಲ್ಲಿ, ಅಂದರೆ ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರದಲ್ಲಿ, ನಾನೇ ಒಣಗಿಸಿ ತುಂಬಿಟ್ಟಿದ್ದು. ಕೆಂಪಗೆ, ಹೊಳೆಯುತ್ತಾ, ಚೆನ್ನಾಗಿಯೇ ಇತ್ತು. ಒಂದನ್ನು ಮುರಿಯಲು ಹೋದೆ. ಲಟಕ್ ಅನ್ನಲಿಲ್ಲ, ಚರ್ಮದ ಪಟ್ಟಿಯ ಹಾಗೆ ಬಾಗಿತು. ಕತ್ತರಿಯಲ್ಲಿ ಉದ್ದಕ್ಕೆ ಸೀಳಿದೆ. ಹೊರಗಿನ ಸಿಪ್ಪೆ ಗಾಜಿನ ಹಾಗೆ ಗಟ್ಟಿ. ಒಳಗೆ ತೊಟ್ಟಿನ ಹತ್ತಿರ ಬೀಜಗಳು ಒಂದಕ್ಕೊಂದು ಅಂಟಿಕೊಂಡು, ಅವುಗಳ ಮೇಲೆ ಬೂದು ಬಣ್ಣದ ನಯವಾದ ಬೂಷ್ಟು, ಹತ್ತಿ ಎಳೆದು ಇಟ್ಟ ಹಾಗೆ. ಇನ್ನೊಂದು ಸೀಳಿದೆ, ಅದೂ ಹಾಗೆಯೇ. ಇಡೀ ಡಬ್ಬಿ ಗುಂಡಿಗೆ ಹೋಯಿತು.

ಅಲ್ಲಿಂದ ಎರಡು ಮಳೆಗಾಲ ಇದರ ಹಿಂದೆ ಬಿದ್ದೆ. ಮನೆ ಕೊಡಗಿನ ನಾಪೋಕ್ಲು ಕಡೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ, ಕಣದ ಕಡೆ ತಲೆ ಹಾಕುವ ಹಾಗೇ ಇಲ್ಲ, ಬಿಸಿಲು ಅನ್ನುವುದು ಕ್ಯಾಲೆಂಡರ್‌ನ ಚಿತ್ರದಲ್ಲಿ ಮಾತ್ರ. ಇಂಥ ಜಾಗದಲ್ಲಿ ಯಂತ್ರ ಕೈಕೊಟ್ಟರೆ ಎಲ್ಲರೂ ಹೇಳುವುದು ಒಂದೇ ಮಾತು: "ಮಳೆ ಅಲ್ವಾ, ಒಣಗಲ್ಲ." ನಾನೂ ಅದನ್ನೇ ನಂಬಿದ್ದೆ. ಅದು ಅರ್ಧ ಸುಳ್ಳು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಒಂದು ಮಾತು ಮೊದಲೇ. ಇಲ್ಲಿ ಬರೀ "ಮೆಣಸು" ಅಂದರೆ ತೋಟದವರಿಗೆ ಒಳ್ಳೆಮೆಣಸಿನ ಬಳ್ಳಿ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಖಾರದ ಮೆಣಸಿನಕಾಯಿ: ಸಂತೆಯಿಂದ ತಂದ ಹಣ್ಣು ಮೆಣಸಿನಕಾಯಿ, ಮತ್ತೆ ಕಾಫಿ ಗಿಡಗಳ ನಡುವೆ ಹಕ್ಕಿಗಳು ಬಿತ್ತಿ ತಾನಾಗಿ ಎದ್ದ ಸೂಜಿಮೆಣಸು. ಹಕ್ಕಿಗಳಿಗೆ ಈ ಖಾರ ತಟ್ಟುವುದೇ ಇಲ್ಲ. ತಿಂದು, ಬೀಜವನ್ನು ತೋಟ ತುಂಬಾ ಹರಡುತ್ತವೆ. ಕಷ್ಟ ನಮಗೆ.

ಮೊದಲು ತೂಕ, ಆಮೇಲೆ ಯಂತ್ರದ ಮೇಲೆ ಅನುಮಾನ

ಒಣಗಿದೆಯೋ ಇಲ್ಲವೋ ಅನ್ನುವುದನ್ನು ಕಣ್ಣು ಸರಿಯಾಗಿ ಹೇಳುವುದಿಲ್ಲ. ಬಣ್ಣ ಮೋಸ ಮಾಡುತ್ತದೆ, ಸಿಪ್ಪೆಯ ಸುಕ್ಕು ಇನ್ನೂ ಜಾಸ್ತಿ ಮೋಸ ಮಾಡುತ್ತದೆ. ಅಡುಗೆಮನೆಯ ತಕ್ಕಡಿ ಮೋಸ ಮಾಡುವುದಿಲ್ಲ.

ಲೆಕ್ಕ ಹೀಗೆ. ಹಣ್ಣು ಮೆಣಸಿನಕಾಯಿಯಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಜಾತಿ ಮೇಲೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಒಂದು ಕೆಜಿ ಹಾಕಿದರೆ 250 ಗ್ರಾಂ ಮಾತ್ರ ಗಟ್ಟಿ ಪದಾರ್ಥ. ಇಡಿ ಒಣಮೆಣಸಿನಕಾಯಿಗೆ ನಮ್ಮ ಆಹಾರ ಸುರಕ್ಷತಾ ನಿಯಮ ಇಟ್ಟಿರುವ ತೇವದ ಮಿತಿ 11%. ಮನೆಯಲ್ಲಿ 10% ಅಂತ ಗುರಿ ಇಟ್ಟುಕೊಳ್ಳಿ. ಆಗ ಒಂದು ಕೆಜಿ ಹೆಚ್ಚು ಕಡಿಮೆ 280 ಗ್ರಾಂಗೆ ಇಳಿಯಬೇಕು. ಕಾಫಿಯವರಿಗೆ ಇದು ಹೊಸದಲ್ಲ, ಇಷ್ಟು ಹಾಕಿದರೆ ಇಷ್ಟು ಸಿಗಬೇಕು ಅನ್ನುವ ಔಟ್‌ಟರ್ನ್ ಲೆಕ್ಕವೇ.

ನನ್ನ ಆ ಡಬ್ಬಿಯ ಚೀಟಿಯಲ್ಲಿ ಬರೆದದ್ದು 330 ಗ್ರಾಂ. ತೂಕ ಬರೆದಿಟ್ಟಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. 330ರಲ್ಲಿ 80 ಗ್ರಾಂ ನೀರು ಅಂದರೆ ನೂರಕ್ಕೆ 24. ಬೂಷ್ಟಿಗೆ ಅದು ಬೇಕಾದಷ್ಟಾಯಿತು.

ನಿಮ್ಮ ಕಾಯಿಯಲ್ಲಿ ಮೊದಲು ಎಷ್ಟು ನೀರಿತ್ತು ಅಂತ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಒಂದು ಟ್ರೇಯನ್ನು ಗುರುತು ಮಾಡಿಟ್ಟು ಗಂಟೆಗೊಮ್ಮೆ ತೂಗಿ. ತೂಕ ಇಳಿಯುತ್ತಿದ್ದರೆ ನೀರು ಇನ್ನೂ ಹೊರಗೆ ಬರುತ್ತಿದೆ, ಯಂತ್ರ ಕೆಲಸ ಮಾಡುತ್ತಿದೆ, ನಿಮಗೆ ತಾಳ್ಮೆ ಬೇಕು ಅಷ್ಟೆ. ಎರಡು ಸಲ ಒಂದೇ ತೂಕ ಬಂದು, ಕಾಯಿ ಲಟಕ್ ಅಂತ ಮುರಿದರೆ ಮುಗಿಯಿತು. ತೂಕ ನಿಂತಿದೆ, ಆದರೆ ಕಾಯಿ ಇನ್ನೂ ಬಾಗುತ್ತದೆ ಅಂದರೆ ಅಲ್ಲಿಗೆ ತೊಂದರೆ ಸಿಕ್ಕಿತು. ನೀರು ಎಲ್ಲೋ ದಾರಿಯಲ್ಲಿ ನಿಂತಿದೆ.

ಆ ದಾರಿ ತುಂಬಾ ಉದ್ದದ್ದೇನಲ್ಲ. ಕಾಯಿಯ ಒಳಗಿಂದ ಸಿಪ್ಪೆ ದಾಟಬೇಕು, ಸಿಪ್ಪೆಯಿಂದ ಟ್ರೇಯ ಗಾಳಿಗೆ ಬರಬೇಕು, ಆ ಗಾಳಿ ಯಂತ್ರ ಬಿಡಬೇಕು, ಕೊನೆಗೆ ಕೋಣೆಯನ್ನೂ ಬಿಡಬೇಕು. ನಾನು ಹಿಂದಿನಿಂದ ಮುಂದಕ್ಕೆ ನೋಡುತ್ತೇನೆ, ಕೋಣೆಯಿಂದ ಶುರು. ಯಾಕೆಂದರೆ ನಮ್ಮ ಕಡೆ ತಪ್ಪು ಹೆಚ್ಚಾಗಿ ಸಿಗುವುದು ಅಲ್ಲೇ, ಸರಿ ಮಾಡಲು ಒಂದು ರೂಪಾಯಿ ಖರ್ಚೂ ಇಲ್ಲ.

ಗಂಟೆಗಟ್ಟಲೆ ಓಡಿದರೂ ಒಣಗುವುದಿಲ್ಲ

ನನ್ನ ಅಕ್ಕ ಇರುವುದು ಕುಶಾಲನಗರದಲ್ಲಿ. ನಮ್ಮದರ ಜೊತೆಯದೇ ಯಂತ್ರ, ಇಬ್ಬರೂ ಒಟ್ಟಿಗೆ ತರಿಸಿದ್ದು. ಅವಳಿಗೆ ಸೀಳಿದ ಮೆಣಸಿನಕಾಯಿ ಹತ್ತು ಹನ್ನೊಂದು ಗಂಟೆಗೆ ಒಣಗುತ್ತಿತ್ತು. ನನಗೆ 22 ಗಂಟೆಯಾದರೂ ಚರ್ಮದ ಹಾಗೆ. ಕುಶಾಲನಗರದಲ್ಲಿ ಮಳೆ ಕಡಿಮೆ, ಅದಕ್ಕೇ ಹಾಗೆ ಅಂದುಕೊಂಡೆ. ಫೋನಿನಲ್ಲಿ ಒಂದು ದಿನ ಕೇಳಿದಳು: "ಯಂತ್ರ ಎಲ್ಲಿಟ್ಟಿದ್ದೀಯಾ?"

"ಉಗ್ರಾಣದಲ್ಲಿ. ಬಾಗಿಲು ಹಾಕಿ. ಘಾಟು ಮನೆಗೆಲ್ಲ ಬರಬಾರದಲ್ಲ."

"ಅಲ್ಲ ಮಾರಾಯ್ತಿ, ಮತ್ತೆ ಆ ನೀರೆಲ್ಲ ಎಲ್ಲಿಗೆ ಹೋಗಬೇಕು?"

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದು ಕೆಜಿ ಕಾಯಿಯಿಂದ 720 ಗ್ರಾಂ ನೀರು ಹೊರಗೆ ಬರಬೇಕು, ಮುಕ್ಕಾಲು ಲೀಟರಿನ ಹತ್ತಿರ. ನಮ್ಮ ಉಗ್ರಾಣ ಎರಡು ಮೀಟರ್ ಉದ್ದ, ಎರಡು ಅಗಲ, ಎರಡೂವರೆ ಎತ್ತರ. 10 ಘನ ಮೀಟರ್ ಗಾಳಿ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದುಕೊಳ್ಳುವುದು ಹೆಚ್ಚೆಂದರೆ 17 ಗ್ರಾಂ ನೀರಾವಿ. ಇಡೀ ಕೋಣೆಗೆ 170 ಗ್ರಾಂ. ಕೋಣೆ ಪೂರ್ತಿ ಒಣಗಿದ್ದರೂ ಅಷ್ಟೇ, ಮಳೆಗಾಲದಲ್ಲಿ ಅದು ಆಗಲೇ ತುಂಬಿರುತ್ತದೆ. ಯಂತ್ರದ ಬಿಸಿಗೆ ಕೋಣೆ ಸ್ವಲ್ಪ ಬೆಚ್ಚಗಾಗಿ ಇನ್ನೊಂದಿಷ್ಟು ಹಿಡಿದೀತು. ಆದರೂ ಮುಕ್ಕಾಲು ಲೀಟರ್ ಎಲ್ಲಿ ಹಿಡಿಯುತ್ತದೆ? ಯಂತ್ರ ತಾನು ಬಿಟ್ಟ ಹಬೆಯನ್ನೇ ಮತ್ತೆ ಎಳೆದುಕೊಂಡು ಅದರಲ್ಲೇ ಒಣಗಿಸಲು ಒದ್ದಾಡುತ್ತಿತ್ತು. ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ಗೋಡೆಯ ಮೇಲೆ ಸಣ್ಣ ಹನಿಗಳು ಕಂಡವು.

ಈಗ ಮಳೆಯ ಮಾತು. ಹೊರಗೆ 20 ಡಿಗ್ರಿ, ಗಾಳಿಯ ತೇವ 95% ಅಂತ ಇಟ್ಟುಕೊಳ್ಳಿ. ಜಡಿಮಳೆಯ ದಿನ ಇದು ನಮ್ಮಲ್ಲಿ ಮಾಮೂಲು. ಅದೇ ಗಾಳಿಯನ್ನು 55 ಡಿಗ್ರಿಗೆ ಕಾಯಿಸಿದರೆ ಅದರ ತೇವ ಸುಮಾರು 14%ಗೆ ಇಳಿಯುತ್ತದೆ. ನೀರು ಕಡಿಮೆಯಾಗಿಲ್ಲ, ಗಾಳಿಯ ಹಿಡಿಯುವ ಶಕ್ತಿ ಹೆಚ್ಚಾಗಿದೆ ಅಷ್ಟೆ. ಜನವರಿಯ ಒಣ ದಿನ ಇದೇ ಲೆಕ್ಕ 7%ರ ಆಸುಪಾಸು ಬರುತ್ತದೆ. 14 ಮತ್ತು 7ರ ನಡುವೆ ವ್ಯತ್ಯಾಸ ಇದೆ, ಆದರೆ ಹತ್ತು ಗಂಟೆಯ ಕೆಲಸ 22 ಗಂಟೆ ಆಗುವಷ್ಟಲ್ಲ. ಹೊಸ ಗಾಳಿ ಒಳಗೆ ಬರುತ್ತಾ, ಹಳೆಯದು ಹೊರಗೆ ಹೋಗುತ್ತಾ ಇದ್ದರೆ ಕಕ್ಕಡದಲ್ಲೂ ಒಣಗುತ್ತದೆ.

ನಾನು ಯಂತ್ರವನ್ನು ಹಿಂದಿನ ಜಗಲಿಗೆ ತಂದೆ. ಮೇಲೆ ಹೆಂಚಿದೆ, ಇರಚಲು ಬಡಿಯದ ಮೂಲೆ, ಎರಡು ಕಡೆ ತೆರೆದಿದೆ. ಮೊದಲ ಸಲಕ್ಕೇ 13 ಗಂಟೆಯಲ್ಲಿ ಮುಗಿಯಿತು. ಘಾಟಿನ ಸಮಸ್ಯೆಯೂ ಹೋಯಿತು. ಜಗಲಿ ಇಲ್ಲದವರು ಕಿಟಕಿಯ ಪಕ್ಕ ಇಟ್ಟು ಎದುರಿನ ಇನ್ನೊಂದು ಕಿಟಕಿ ತೆರೆದಿಡಿ, ಅಥವಾ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು ಹಾಕಿ. ಪಕ್ಕದಲ್ಲಿ ಬಟ್ಟೆ ಮಾತ್ರ ಒಣಹಾಕಬೇಡಿ. ನಗಬೇಡಿ, ನಾನು ಹಾಕಿದ್ದೆ. ಯಂತ್ರದ ಬೆಚ್ಚನೆ ಗಾಳಿ ಸುಮ್ನೆ ಯಾಕೆ ಹಾಳಾಗಬೇಕು ಅಂತ. ಬಟ್ಟೆಯೂ ಒಣಗಲಿಲ್ಲ, ಮೆಣಸಿನಕಾಯಿಯೂ ಒಣಗಲಿಲ್ಲ, ಟವೆಲ್‌ನಲ್ಲಿ ಮುಖ ಒರೆಸಿಕೊಂಡವರು ಅರ್ಧ ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಜಾಗ ಸರಿಯಿದೆ, ಆದರೂ ಇಲ್ಲ

ಹಾಗಾದರೆ ಗಾಳಿ ಯಂತ್ರದೊಳಗೆ ಓಡುತ್ತಿದೆಯಾ ನೋಡಬೇಕು. ಒಂದು ಊದುಬತ್ತಿ ಹಚ್ಚಿ. ಗಾಳಿ ಒಳಗೆ ಹೋಗುವ ಕಿಂಡಿಯ ಹತ್ತಿರ ಹಿಡಿದರೆ ಹೊಗೆ ಸರಕ್ಕನೆ ಒಳಗೆ ಎಳೆದುಕೊಳ್ಳಬೇಕು. ಹೊರಗೆ ಬರುವ ಕಿಂಡಿಯ ಹತ್ತಿರ ದೂರ ತಳ್ಳಬೇಕು. ಹೊಗೆ ನೆಟ್ಟಗೆ ಮೇಲಕ್ಕೆ ಹೋದರೆ ಗಾಳಿ ನಿಂತಿದೆ.

ಕಾರಣ ಸಾಮಾನ್ಯವಾಗಿ ಸಣ್ಣದೇ. ಮುಚ್ಚಳದ ಕಿಂಡಿ ಮುಚ್ಚಿರುತ್ತದೆ, ಇಲ್ಲವೇ ಟ್ರೇ ಮೇಲೆ ಯಾರೋ ಪೇಪರ್ ಹಾಸಿರುತ್ತಾರೆ. ಸೂಜಿಮೆಣಸು ಟ್ರೇಯ ಸಂದಿಯಲ್ಲಿ ಜಾರಿ ಕೆಳಗೆ ಬೀಳುತ್ತದೆ ಅಂತ ಹಾಸುವುದು. ಜಾರುವುದು ನಿಜ, ನಮ್ಮ ಯಂತ್ರದಲ್ಲಿ ನಾಲ್ಕು ಫ್ಯಾನಿನ ಹತ್ತಿರ ಸಿಕ್ಕಿ ಸುಟ್ಟ ವಾಸನೆ ಬಂದಿತ್ತು. ಆದರೆ ಪೇಪರ್ ಗಾಳಿಯನ್ನೇ ತಡೆಯುತ್ತದೆ. ಸಣ್ಣ ಕಣ್ಣಿನ ಬಲೆಯ ಹಾಸು ಸಿಗುತ್ತದೆ, ಅದನ್ನು ಹಾಕಿ. ಕಾಯಿಗಳು ಒಂದೇ ಪದರ ಇರಲಿ, ನಡುವೆ ಟ್ರೇಯ ತಳ ಕಾಣುತ್ತಿರಲಿ. ಕಣದಲ್ಲಿ ಕಾಫಿಯನ್ನು ದಪ್ಪ ಹರಡಿದರೆ ಏನಾಗುತ್ತದೆ ಅಂತ ಗೊತ್ತಲ್ಲ, ಇದೂ ಅದೇ ಕಥೆ.

ಒಂದು ಟ್ರೇ ಗರಿಗರಿ, ಇನ್ನೊಂದು ಒದ್ದೆ ಅಂದರೆ ಅದು ದೋಷವಲ್ಲ, ಯಂತ್ರದ ಗುಣ. ಫ್ಯಾನು ತಳದಲ್ಲಿರುವ ದುಂಡು ಯಂತ್ರದಲ್ಲಿ ಕೆಳಗಿನ ಟ್ರೇ ಮೊದಲು ಒಣಗುತ್ತದೆ. ಬೆನ್ನ ಹಿಂದೆ ಫ್ಯಾನಿರುವ ಪೆಟ್ಟಿಗೆ ಯಂತ್ರದಲ್ಲಿ ಹಿಂಬದಿ ಮೊದಲು. ಮೂರು ಗಂಟೆಗೊಮ್ಮೆ ಟ್ರೇ ಅದಲು ಬದಲು ಮಾಡಿ, ಅಥವಾ ಹಿಂದುಮುಂದು ತಿರುಗಿಸಿ.

ಗಾಳಿ ಸರಿಯಿದ್ದರೆ ಮುಂದೆ ಬಿಸಿ. ಡಯಲ್‌ನಲ್ಲಿ ಬರೆದ 55ನ್ನು ನಂಬಬೇಡಿ. ತಂತಿ ಇರುವ ಡಿಜಿಟಲ್ ಥರ್ಮಾಮೀಟರ್‌ನ ತುದಿಯನ್ನು ನಡುವಿನ ಟ್ರೇಯಲ್ಲಿ ಇಟ್ಟು, ಒಂದು ಗಂಟೆ ಬಿಟ್ಟು ನೋಡಿ. 50ರಿಂದ 60ರ ಒಳಗಿದ್ದರೆ ಸಾಕು. ತುಂಬಿದ ಟ್ರೇ ಮೊದಲ ಒಂದೆರಡು ಗಂಟೆ ತಣ್ಣಗೇ ತೋರಿಸುತ್ತದೆ, ನೀರು ಆವಿಯಾಗುವಾಗ ಬಿಸಿ ತಿನ್ನುತ್ತದೆ. ಅದಕ್ಕೆ ಗಾಬರಿ ಬೇಡ. ಖಾಲಿ ಯಂತ್ರದಲ್ಲಿ ಒಮ್ಮೆ ನೋಡಿಕೊಂಡರೆ ನಿಜ ತಿಳಿಯುತ್ತದೆ. ನಮ್ಮದು 55ಕ್ಕೆ ಇಟ್ಟರೆ 49 ತೋರಿಸುತ್ತದೆ. ಈಗ 61ರ ಗೆರೆಗೆ ಇಟ್ಟು ಕೆಲಸ ಮಾಡುತ್ತೇನೆ. ಯಂತ್ರ ಬದಲಾಯಿಸಲಿಲ್ಲ, ಒಂದು ಚೀಟಿ ಅಂಟಿಸಿದೆ.

ವೋಲ್ಟೇಜ್

ಇದಕ್ಕೆ ಬೇರೆ ತಲೆಬರಹ ಕೊಟ್ಟಿದ್ದಕ್ಕೆ ಕಾರಣ ಇದೆ. ಸಂಜೆ ಆರರಿಂದ ಹತ್ತರವರೆಗೆ ನಮ್ಮ ಲೈನಿನಲ್ಲಿ ಬಲ್ಬು ಮಂಕಾಗುತ್ತದೆ. ಫ್ಯಾನು ನಿಧಾನ, ಮಿಕ್ಸಿ ಗೊಣಗುತ್ತದೆ. ಅದೇ ಹೊತ್ತಿಗೆ ಡಿಹೈಡ್ರೇಟರ್ ಕೂಡ ಸುಮ್ಮನಾಗುತ್ತದೆ. ಆದರೆ ಅದು ಗೊಣಗುವುದಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಹೀಟರ್ ಕಾಯಿಲ್‌ನ ಬಿಸಿ ವೋಲ್ಟೇಜ್ ಇಳಿದಷ್ಟೇ ಇಳಿಯುವುದಿಲ್ಲ, ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230 ವೋಲ್ಟಿಗೆ 500 ವ್ಯಾಟ್ ಕೊಡುವ ಯಂತ್ರ 180 ವೋಲ್ಟಿನಲ್ಲಿ ಕೊಡುವುದು ಸುಮಾರು 306 ವ್ಯಾಟ್. 160ಕ್ಕೆ ಬಿದ್ದರೆ 242, ಅಂದರೆ ಅರ್ಧಕ್ಕೂ ಕಡಿಮೆ. 250 ವ್ಯಾಟಿನ ಸಣ್ಣ ಯಂತ್ರವಾದರೆ ಕಥೆ ಮುಗಿದ ಹಾಗೆ. ಟ್ರೇ 35 ಡಿಗ್ರಿಯಲ್ಲೇ ನಿಂತರೆ ನಮ್ಮ ಆ ಮಳೆಯ ಗಾಳಿಯ ತೇವ 14% ಅಲ್ಲ, ಸುಮಾರು 40%. ಬೆಚ್ಚಗೆ, ತೇವವಾಗಿ, ಕತ್ತಲಲ್ಲಿ ರಾತ್ರಿಯಿಡೀ. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲು ಬೇರೆ ಬೇಕಾ?

ಗುರುತಿಸುವುದು ಸುಲಭ. ಹೀಟರ್‌ಗೆ ಸಣ್ಣ ದೀಪ ಇದ್ದರೆ ಅದು ಆರುತ್ತಾ ಹತ್ತುತ್ತಾ ಇರಬೇಕು. ಬೇಕಾದ ಬಿಸಿ ಮುಟ್ಟಿತು ಅಂತ ಥರ್ಮೋಸ್ಟಾಟ್ ಟಿಕ್ ಅಂತ ನಿಲ್ಲಿಸಿ, ಮತ್ತೆ ಶುರು ಮಾಡುತ್ತದೆ. ಮೂರು ನಾಲ್ಕು ಗಂಟೆ ಕಳೆದರೂ ದೀಪ ಒಮ್ಮೆಯೂ ಆರಲಿಲ್ಲ ಅಂದರೆ ಬಿಸಿ ಮುಟ್ಟುತ್ತಲೇ ಇಲ್ಲ. ಪ್ಲಗ್ಗಿಗೆ ಸಿಕ್ಕಿಸುವ ವೋಲ್ಟ್‌ಮೀಟರ್ ಸಿಗುತ್ತದೆ, ಹೆಚ್ಚು ಬೆಲೆಯಿಲ್ಲ. ಅದನ್ನು ಸಂಜೆ ಏಳಕ್ಕೊಮ್ಮೆ, ನಡುರಾತ್ರಿ ಒಮ್ಮೆ ನೋಡಿ. ನಮ್ಮಲ್ಲಿ ಏಳಕ್ಕೆ 170, ರಾತ್ರಿ ಹನ್ನೊಂದರ ಮೇಲೆ 225. ಹಾಗಾಗಿ ನಾನು ಬೆಳಿಗ್ಗೆ ಐದಕ್ಕೆ ಶುರು ಮಾಡಿ, ಮಂಕು ಹೊತ್ತಿಗೆ ಮೊದಲೇ ಮುಗಿಸುವ ಹಾಗೆ ಸೀಳಿ ಹಾಕುತ್ತೇನೆ. ಸ್ಟೆಬಿಲೈಸರ್ ಹಾಕಿದರೂ ಆಗುತ್ತದೆ, ಯಂತ್ರದ ವ್ಯಾಟಿಗೆ ತಕ್ಕದ್ದು ಇರಲಿ. ಮನೆಯ ಇನ್‌ವರ್ಟರ್‌ಗೆ ಸೇರಿಸಬೇಡಿ, ಬ್ಯಾಟರಿ ಹೊತ್ತು ಮುಳುಗುವ ಮೊದಲೇ ಮಲಗುತ್ತದೆ.

ಫ್ಯಾನು ತಿರುಗುತ್ತದೆ, ಬಿಸಿಯೇ ಇಲ್ಲ ಅಂದರೆ ಕಾಯಿಲ್ ತುಂಡಾಗಿರಬೇಕು, ಇಲ್ಲವೇ ಅತಿ ಬಿಸಿಗೆ ಹಾರುವ ಥರ್ಮಲ್ ಫ್ಯೂಸ್ ಹೋಗಿರಬೇಕು. ಬಿಸಿ ಇದೆ, ಫ್ಯಾನು ನಿಂತಿದೆ ಅಂದರೆ ಆ ಕ್ಷಣವೇ ಪ್ಲಗ್ ಕೀಳಿ. ಎರಡೂ ಬಿಚ್ಚಿ ನೋಡುವ ಕೆಲಸ, ಗೊತ್ತಿರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಒಬ್ಬರು ನಮ್ಮ ಯಂತ್ರದ ಫ್ಯೂಸನ್ನು ಬೈಪಾಸ್ ಮಾಡಿ ತಂತಿ ಸುತ್ತಿ ಕೊಟ್ಟಿದ್ದರು, "ಇನ್ನು ಹಾರೋದೇ ಇಲ್ಲ" ಅಂತ. ಅದನ್ನು ಹಾಗೇ ಬಳಸಲು ನನಗೆ ಧೈರ್ಯ ಬರಲಿಲ್ಲ. ಬೇರೆಯವರ ಹತ್ತಿರ ಹೊಸ ಫ್ಯೂಸ್ ಹಾಕಿಸಿದೆ.

ಹೊರಗೆ ಗಟ್ಟಿ, ಒಳಗೆ ಪಸೆ

ಕೋಣೆ, ಗಾಳಿ, ಬಿಸಿ ಮೂರೂ ಸರಿಯಿದ್ದರೆ ಉಳಿದದ್ದು ಕಾಯಿಯೇ.

ಮೆಣಸಿನಕಾಯಿಯ ಮೈಮೇಲೆ ಮೇಣದಂಥ ತೆಳು ಲೇಪ ಇದೆ. ಅದಕ್ಕೇ ಆ ಹೊಳಪು. ಒಳಗಿನ ನೀರು ಆರಿಹೋಗಬಾರದು ಅಂತ ಗಿಡ ಮಾಡಿಕೊಂಡದ್ದು, ನಮ್ಮ ಯಂತ್ರದಲ್ಲೂ ಅದು ಅದೇ ಕೆಲಸ ಮಾಡುತ್ತದೆ. ಇಡಿ ಕಾಯಿಯಲ್ಲಿ ನೀರು ಹೊರಬರಲು ಅತಿ ಕಷ್ಟದ ಜಾಗ ತೊಟ್ಟಿನ ಬುಡ. ಅಲ್ಲಿ ಹಸಿರು ಟೋಪಿ, ಅದರ ಕೆಳಗೆ ಬೀಜ ಹಿಡಿದ ಬಿಳಿ ದಿಂಡು, ಎರಡೂ ದಪ್ಪ. ನನ್ನ ಡಬ್ಬಿಯಲ್ಲಿ ಬೂಷ್ಟು ಎದ್ದದ್ದೂ ಅಲ್ಲಿಂದಲೇ.

ಇದರ ಮೇಲೆ ಅವಸರ ಸೇರಿದರೆ ಕೆಡುತ್ತದೆ. ಬೇಗ ಆಗಲಿ ಅಂತ 70ಕ್ಕೆ ಏರಿಸಿದರೆ ಸಿಪ್ಪೆ ಮೊದಲು ಬಿಗಿದುಕೊಂಡು ಗಟ್ಟಿಯಾಗುತ್ತದೆ. ಒಳಗಿನ ನೀರಿಗೆ ಬಾಗಿಲು ಹಾಕಿದ ಹಾಗೆ. ತೂಕ ಇಳಿಯುವುದು ನಿಲ್ಲುತ್ತದೆ, ಕೈಗೆ ಒಣಗಿದ ಹಾಗೆ ಅನ್ನಿಸುತ್ತದೆ, ನಾವು ಸಂತೋಷದಿಂದ ಡಬ್ಬಿಗೆ ತುಂಬುತ್ತೇವೆ.

ಪರಿಹಾರ ಕತ್ತರಿ. ಸಂತೆಯ ದಪ್ಪ ಕಾಯಿಗಳನ್ನು ಉದ್ದಕ್ಕೆ ಸೀಳಿ, ತೊಟ್ಟು ತೆಗೆದು, ಒಳಗಿನ ಬದಿ ಮೇಲೆ ಬರುವ ಹಾಗೆ ಇಡಿ. 55 ಡಿಗ್ರಿಗೆ ಸುಮಾರು ಎಂಟರಿಂದ ಹದಿಮೂರು ಗಂಟೆ. ಇಡಿಯಾಗಿಯೇ ಬೇಕು ಅಂದರೆ ಒಂದು ದಿನಕ್ಕೂ ಮೀರಿ ಹಿಡಿಯುತ್ತದೆ. ಆಗ ದಬ್ಬಳದಲ್ಲಿ ಎರಡು ಮೂರು ಕಡೆ ಚುಚ್ಚಿ, ಒಂದು ಚುಚ್ಚು ತೊಟ್ಟಿನ ಬುಡಕ್ಕೇ ಇರಲಿ. ಸೂಜಿಮೆಣಸಿಗೆ ಸೀಳುವ ತಾಪತ್ರಯ ಬೇಡ, ತೊಟ್ಟು ಕಿತ್ತರೆ ಅದೇ ಬಾಯಿಯಾಗುತ್ತದೆ. ಬ್ಯಾಡಗಿಯಂಥ ತೆಳು ಸಿಪ್ಪೆಯ ಸುಕ್ಕು ಕಾಯಿ ಒಣಗಿದಷ್ಟು ಬೇಗ ಬಜ್ಜಿ ಮೆಣಸಿನಕಾಯಿ ಒಣಗಲಿ ಅಂತ ಕಾಯಬೇಡಿ, ಎರಡನ್ನೂ ಒಂದೇ ಟ್ರೇಯಲ್ಲಿ ಹಾಕಲೂ ಬೇಡಿ.

ಮಡಿಕೇರಿ ಶುಕ್ರವಾರದ ಸಂತೆಯಿಂದ ಮಳೆಯಲ್ಲಿ ತಂದ ಕಾಯಿ ಚೀಲದೊಳಗೇ ಬೆವರಿರುತ್ತದೆ. ಅದನ್ನು ತೊಳೆದು, ಒರೆಸಿ, ಒಂದು ಗಂಟೆ ಫ್ಯಾನಿನ ಕೆಳಗೆ ಹರಡಿ ಆಮೇಲೆ ಸೀಳಿ. ಮೆತ್ತಗಾದದ್ದು, ಕಪ್ಪು ಚುಕ್ಕೆ ಬಿದ್ದದ್ದು ಅವತ್ತೇ ಸಾರಿಗೆ ಹಾಕಿ ಅಥವಾ ಬಿಸಾಡಿ. ಸೀಳುವಾಗ ಕೈಗವಸು ಹಾಕಿ. ಹಾಕದೆ ಉರಿ ಹತ್ತಿದರೆ ಮೊದಲು ಕೊಬ್ಬರಿ ಎಣ್ಣೆ ಉಜ್ಜಿ, ಆಮೇಲೆ ಸೋಪು. ಖಾರದ ಅಂಶ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಬರೀ ನೀರಿನಲ್ಲಿ ತೊಳೆದರೆ ಉರಿ ಇನ್ನಷ್ಟು ಜಾಗಕ್ಕೆ ಹರಡುತ್ತದೆ.

ಬಣ್ಣ ಕೆಟ್ಟರೆ

ಕಂದು ಅಥವಾ ಕಪ್ಪಾಗಿದ್ದರೆ ಬಿಸಿ ಜಾಸ್ತಿಯಾಗಿದೆ, ಥರ್ಮಾಮೀಟರ್ ಇಟ್ಟು ನೋಡಿ. ಒಣಗಿದಾಗ ಚೆನ್ನಾಗಿದ್ದು, ತಿಂಗಳಲ್ಲಿ ಮಾಸಲು ಕಿತ್ತಳೆಯಾದರೆ ಅದು ಬೆಳಕಿನ ಕೆಲಸ, ಗಾಜಿನ ಬಾಟಲಿಯನ್ನು ಕಿಟಕಿಯ ಹತ್ತಿರ ಇಟ್ಟಿರುತ್ತೀರಿ. ಹಸಿರು ಕಾಯಿ ಒಣಗಿ ಕೆಸರು ಹಸಿರಾಗುವುದು ಸಹಜ, ಅದಕ್ಕೆ ಮದ್ದಿಲ್ಲ.

ಸರಿಯಾಗಿಯೇ ಒಣಗಿತ್ತು, ಎರಡು ದಿನಕ್ಕೆ ಮೆತ್ತಗಾಯಿತು

ಇದು ನಮ್ಮ ಜಿಲ್ಲೆಯ ವಿಶೇಷ ರೋಗ. ಯಂತ್ರದೊಳಗೆ ಗಾಳಿಯ ತೇವ 14% ಇತ್ತು. ಮುಚ್ಚಳ ತೆಗೆದ ಕೂಡಲೇ ಕಾಯಿ ನಿಲ್ಲುವುದು 95%ರ ಗಾಳಿಯಲ್ಲಿ. ಹೋದ ನೀರು ಹೋದ ದಾರಿಯಲ್ಲೇ ವಾಪಸು ಬರುತ್ತದೆ. ರಾತ್ರಿ ಯಂತ್ರ ಆರಿಸಿ, ಬೆಳಿಗ್ಗೆ ತುಂಬಿದರಾಯಿತು ಅಂತ ಟ್ರೇಯಲ್ಲೇ ಬಿಟ್ಟರೆ, ಬೆಳಿಗ್ಗೆ ನೀವು ತುಂಬುವುದು ಬೇರೆಯೇ ಮೆಣಸಿನಕಾಯಿ.

ಪೂರ್ತಿ ತಣ್ಣಗಾಗಲು ಬಿಡಿ ಅಂತ ಎಲ್ಲ ಕೈಪಿಡಿಗಳೂ ಹೇಳುತ್ತವೆ. ಒಣ ಊರಿಗೆ ಅದು ಸರಿ. ನಮ್ಮ ಮಳೆಗಾಲಕ್ಕೆ ನಾನು ಒಪ್ಪುವುದಿಲ್ಲ. ಸುಡುವಾಗ ತುಂಬಿದರೆ ಬಾಟಲಿಯ ಗೋಡೆಗೆ ಬೆವರು ಕೂರುತ್ತದೆ, ಅದೂ ಬೇಡ. ಟ್ರೇ ತೆಗೆದು, ಒಣ ಬಟ್ಟೆ ಮುಚ್ಚಿ, ಹತ್ತು ನಿಮಿಷ. ಕೈಗೆ ಉಗುರು ಬೆಚ್ಚಗೆ ಅನ್ನಿಸುವಾಗ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಬಾಟಲಿಗಳನ್ನು ಕೂಡ ಮೊದಲೇ ಯಂತ್ರದ ಮೇಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತೇನೆ.

ಆಮೇಲೆ ಒಂದು ವಾರ ಪರೀಕ್ಷೆ. ಬಾಟಲಿ ಮುಕ್ಕಾಲು ಭಾಗ ಮಾತ್ರ ತುಂಬಿ, ದಿನಕ್ಕೊಮ್ಮೆ ಅಲ್ಲಾಡಿಸಿ. ಚೆರ್ರಿ ಕಾಫಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, ಹಿಡಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತೇವಲ್ಲ, ಹಾಗೆಯೇ ಕೇಳಿ. ಗಲಗಲ ಅಂದರೆ ಸರಿ. ಮೂರನೇ ದಿನಕ್ಕೆ ಸದ್ದು ಮಂದವಾಗಿ ದಬದಬ ಅಂದರೆ ದಪ್ಪ ಕಾಯಿಗಳ ಒಳಗಿನ ಪಸೆ ಹೊರಬಂದು ಎಲ್ಲದಕ್ಕೂ ಹಂಚಿಕೊಂಡಿದೆ. ಕೆಟ್ಟಿಲ್ಲ, ಇನ್ನೂ ಮೂರು ಗಂಟೆ ಯಂತ್ರಕ್ಕೆ ಹಾಕಿ. ಗಾಜಿನ ಒಳಗೆ ಮಂಜು ಕಂಡರಂತೂ ಅದೇ ಗಂಟೆಗೆ ತೆಗೆಯಿರಿ. ಬೂಷ್ಟು ಒಂದು ಕಾಯಿಯಲ್ಲಿ ಕಂಡರೂ ಆ ಬಾಟಲಿ ಪೂರ್ತಿ ಹೋಗಬೇಕು. ಒರೆಸಿ, ಮತ್ತೆ ಒಣಗಿಸಿ, ಪುಡಿ ಮಾಡಿಕೊಳ್ಳುವ ಆಸೆ ಬೇಡ. ಕೆಲವು ಬೂಷ್ಟುಗಳು ಬಿಡುವ ಅಫ್ಲಾಟಾಕ್ಸಿನ್ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ತೊಳೆದರೂ ಹೋಗುವುದಿಲ್ಲ.

ಮಜ್ಜಿಗೆ ಮೆಣಸು ಮಾಡುವವರಿಗೆ ಇನ್ನೊಂದು ಮಾತು. ಅದು ಎಷ್ಟು ಒಣಗಿಸಿದರೂ ಬೇಗ ಒದ್ದೆಯಾಗುತ್ತದೆ ಅಂತ ಅತ್ತೆ ಯಾವಾಗಲೂ ಹೇಳುತ್ತಿದ್ದರು. ತಪ್ಪು ಉಪ್ಪಿನದು. ಗಾಳಿಯ ತೇವ 75% ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಮಳೆಗಾಲವಿಡೀ ನಾವು ಅದರ ಮೇಲೆಯೇ ಇರುತ್ತೇವೆ. ಅದನ್ನು ಸಣ್ಣ ಸಣ್ಣ ಬಾಟಲಿಗಳಲ್ಲಿ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದು ತೆಗೆಯಿರಿ.

ಕರೆಂಟು ಹೋದಾಗ

ಗಾಳಿಮಳೆಗೆ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದರೆ ಕರೆಂಟು ಬರುವುದು ಯಾವಾಗಲೋ. ಅರ್ಧ ಒಣಗಿದ ಕಾಯಿಯನ್ನು ಮುಚ್ಚಿದ ಯಂತ್ರದಲ್ಲಿ ಬಿಡುವುದು ಅತಿ ಕೆಟ್ಟದ್ದು, ಒಳಗೆ ಹಬೆ ಕಟ್ಟುತ್ತದೆ. ಅರ್ಧ ಗಂಟೆ ಕಾದು ನೋಡಿ. ಬರಲಿಲ್ಲ ಅಂದರೆ ಟ್ರೇಗಳನ್ನು ಹೊರಗೆ ತೆಗೆದು ಬಿಡಿಬಿಡಿಯಾಗಿ ಇಡಿ. ಸೌದೆ ಒಲೆ ಇದ್ದರೆ ಕಾಯಿಗಳನ್ನು ಮೊರಕ್ಕೆ ಸುರಿದು ಒಲೆ ಮೇಲಿನ ಅಟ್ಟಕ್ಕೇರಿಸಿ. ಹಿಂದಿನವರು ಮಳೆಗಾಲದಲ್ಲಿ ಮಾಡುತ್ತಿದ್ದದ್ದೇ ಅದು. ಸ್ವಲ್ಪ ಹೊಗೆ ವಾಸನೆ ಸೇರುತ್ತದೆ, ಹಂದಿ ಮಾಂಸದ ಮಸಾಲೆಗೆ ನನಗಂತೂ ಅದೇ ಹೆಚ್ಚು ಇಷ್ಟ. ಗ್ಯಾಸ್ ಮಾತ್ರ ಇರುವ ಮನೆಯಲ್ಲಿ ಡಬ್ಬಿಗೆ ಹಾಕಿ ಫ್ರಿಜ್‌ನ ಫ್ರೀಜರ್‌ಗೆ ಇಡಿ. ಬಾಗಿಲು ಮತ್ತೆ ಮತ್ತೆ ತೆಗೆಯದಿದ್ದರೆ ಅದು ಗಂಟೆಗಟ್ಟಲೆ ತಣ್ಣಗಿರುತ್ತದೆ. ಕರೆಂಟು ಬಂದ ಮೇಲೆ ಮುಂದುವರಿಸಿ.

ಕೊನೆಗೆ ಯಂತ್ರ ತೊಳೆಯುವುದು

ಮೆಣಸಿನಕಾಯಿ ಆದ ಮೇಲೆ ಅದೇ ಟ್ರೇಯಲ್ಲಿ ಬಾಳೆಹಣ್ಣು ಒಣಗಿಸಿದೆ. ಟ್ರೇಗಳನ್ನು ಬಟ್ಟೆಯಲ್ಲಿ ಒರೆಸಿದ್ದೆ, ಕಣ್ಣಿಗೆ ಸ್ವಚ್ಛ. ಅಕ್ಕನ ಮಗ ಒಂದು ತುಂಡು ಬಾಯಿಗೆ ಹಾಕಿ, ಎರಡು ಸಲ ಜಗಿದು, ಮೂರನೇ ಸಲಕ್ಕೆ ನನ್ನನ್ನೇ ನೋಡಿದ. ಮೊಸರಿನ ಪಾತ್ರೆ ಕೈಗೆ ಕೊಟ್ಟೆ.

ಟ್ರೇ, ಬಲೆ, ಮುಚ್ಚಳ ಎಲ್ಲವನ್ನೂ ಬಿಸಿ ನೀರು, ಪಾತ್ರೆ ಸೋಪು ಹಾಕಿ ಉಜ್ಜಬೇಕು, ಪ್ಲಾಸ್ಟಿಕ್ ಟ್ರೇಗೆ ಎರಡು ಸಲ. ಫ್ಯಾನು ಇರುವ ಬುಡವನ್ನು ನೀರಿಗೆ ಮುಟ್ಟಿಸಬೇಡಿ. ಪ್ಲಗ್ ಕಿತ್ತು, ತಲೆಕೆಳಗು ಮಾಡಿ ಬಿದ್ದ ಬೀಜ ಉದುರಿಸಿ, ಸೋಪು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಅರ್ಧ ಗಂಟೆ ಖಾಲಿ ಓಡಿಸಿ. ಆಗ ಹೊರಬರುವ ಗಾಳಿಗೆ ಮುಖ ಕೊಟ್ಟು ನೋಡಿ. ಸೀನು ಬಂದರೆ ಇನ್ನೊಂದು ಸಲ ಒರೆಸಿ.